ಮುಳ್ಳು ಸರಿಯೇ ಇತ್ತು, ಸರ್

ವಿಮಾನ ಬಿದ್ದ ಜಾಗಕ್ಕೆ ಹೋದ ಕೂಡಲೇ ಮಾಡಬೇಕಾದ ಮೊದಲ ಕೆಲಸ ಎರಡೂ ಕೈಗಳನ್ನು ಪ್ಯಾಂಟಿನ ಜೇಬಿಗೆ ಹಾಕಿಕೊಳ್ಳುವುದು. ಈ ವೃತ್ತಿಗೆ ಹೊಸದಾಗಿ ಬರುವ ಮಕ್ಕಳಿಗೆ ನಾನು ಹೇಳುವುದು ಇದನ್ನೇ. ಅವರು ನಗುತ್ತಾರೆ. ನಗಲಿ. ಅವರ ಒಂದು ಕೈಯಲ್ಲಿ ಟ್ಯಾಬ್, ಇನ್ನೊಂದರಲ್ಲಿ ಡ್ರೋನಿನ ರಿಮೋಟು. ಜೇಬಿಗೆ ಹಾಕಲು ಖಾಲಿ ಕೈ ಎಲ್ಲಿದೆ? ನನಗೆ ಇದನ್ನು ಕಲಿಸಿದವರು ನನ್ನ ಮೊದಲ ಮೇಲಧಿಕಾರಿ ಶೇಷಾದ್ರಿಯವರು. "ಮುಟ್ಟಬೇಡ ಕಣಯ್ಯಾ ಲಾರೆನ್ಸ್, ನೋಡು. ಮುಟ್ಟೋಕೆ ಇಡೀ ವಾರ ಇದೆ," ಎನ್ನುತ್ತಿದ್ದರು.

ವಿಮಾನ ಅಪಘಾತಗಳ ಕಾರಣ ಹುಡುಕುವ ಸರ್ಕಾರಿ ಇಲಾಖೆಯಲ್ಲಿ ನಾನು ದುಡಿದೆ. ಈಗ ನಿವೃತ್ತನಾಗಿ ಮಂಗಳೂರಿನ ದೇರೆಬೈಲಿನ ಮನೆಯಲ್ಲಿದ್ದೇನೆ. ಬಡ್ತಿ ಯಾವಾಗ ಸಿಕ್ಕಿತು, ಯಾವ ಕುರ್ಚಿಯಲ್ಲಿ ಕೂತೆ ಎಂಬುದು ನನ್ನ ಹೆಂಡತಿಗೇ ನೆನಪಿಲ್ಲ, ಇಲ್ಲಿ ಬರೆದು ಏನು ಪ್ರಯೋಜನ! ನನ್ನ ಪಾಲಿಗೆ ಬಂದದ್ದು ಹೆಚ್ಚಾಗಿ ಸಣ್ಣ ವಿಮಾನಗಳು. ಇಬ್ಬರೋ ನಾಲ್ವರೋ ಕೂರುವ, ಮೂತಿಯಲ್ಲಿ ಒಂದೇ ಪ್ರೊಪೆಲ್ಲರ್ ಇರುವ ತರಬೇತಿ ವಿಮಾನಗಳು. "ನಿನ್ನದು ಎಂತ ಮಾರಾಯ, ಆಕಾಶದ ಆಟೋರಿಕ್ಷಾ ಡಿಪಾರ್ಟ್‌ಮೆಂಟಾ?" ಎಂದು ನನ್ನ ಭಾವ ಈಗಲೂ ಗೇಲಿ ಮಾಡುತ್ತಾನೆ. ಆದರೆ ಆ ಆಟೋರಿಕ್ಷಾದಲ್ಲಿ ಕೂತವರೂ ಯಾರೋ ಒಬ್ಬ ತಾಯಿಯ ಮಕ್ಕಳೇ.

ಶೇಷಾದ್ರಿಯವರ ಜೊತೆ ಹೋದ ಮೊದಲ ಪ್ರಕರಣವನ್ನು ಹೇಳಿಬಿಡುತ್ತೇನೆ, ಮುಂದಿನದಕ್ಕೆ ಅದು ಬೇಕು. ಬಯಲುಸೀಮೆಯ ಒಂದು ಊರಿನ ಗದ್ದೆಯಲ್ಲಿ ಪುಟ್ಟ ವಿಮಾನವೊಂದು ಎಂಜಿನ್ ನಿಂತು ಇಳಿದಿತ್ತು. ಪೈಲಟ್ ಕ್ಷೇಮ. ನಾವು ಜೀಪಿನಲ್ಲಿ ಕುಲುಕಾಡಿಕೊಂಡು ತಲುಪುವಷ್ಟರಲ್ಲಿ ಊರವರೆಲ್ಲ ಸೇರಿ ವಿಮಾನವನ್ನು ಕೆಸರಿನಿಂದ ಎಳೆದು, ಕೊಡಗಟ್ಟಲೆ ನೀರು ಹೊಯ್ದು ತೊಳೆದು, ಹೊಂಗೆಮರದ ನೆರಳಲ್ಲಿ ನಿಲ್ಲಿಸಿದ್ದರು. "ಚೆಂದ ಮಾಡಿ ಮಡಗಿದ್ದೀವಿ ಸ್ವಾಮಿ," ಎಂದರು ಊರ ಹಿರಿಯರು. ಸಾಕ್ಷ್ಯವೆಲ್ಲ ನೀರಿನ ಜೊತೆ ಹೋಗಿತ್ತು. ನನಗೆ ಅಳು ಬರುವುದೊಂದು ಬಾಕಿ. ಶೇಷಾದ್ರಿಯವರು ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಎಳನೀರು ಕುಡಿಯುತ್ತಾ, ಯಾರು ಯಾವ ಭಾಗ ತೊಳೆದಿರಿ, ಅಲ್ಲಿ ಕೈಗೆ ಏನು ಹತ್ತಿತು ಎಂದು ಒಬ್ಬೊಬ್ಬರನ್ನೇ ಕೇಳತೊಡಗಿದರು. ಒಬ್ಬ ಹೆಂಗಸು, "ಹೊಟ್ಟೆ ಕೆಳಗೆ ಎಣ್ಣೆ ಜಿಡ್ಡು ಸ್ವಾಮಿ, ಸೀಗೆಪುಡಿ ಹಾಕಿ ಉಜ್ಜಿದೆ," ಎಂದಳು. ಎಂಜಿನ್ನಿನ ಎಣ್ಣೆ ಸೋರಿದ ದಾರಿ ಅಲ್ಲಿಂದಲೇ ಸಿಕ್ಕಿತು. "ತೊಳೆದು ಹೋಯ್ತು ಅಂತ ಕೂರಬಾರದು ಕಣಯ್ಯಾ, ತೊಳೆದವರನ್ನ ಕೇಳಬೇಕು," ಎಂದರು ಶೇಷಾದ್ರಿ.

ಆಗ ಕೆಲಸದ ರೀತಿಯೇ ಬೇರೆ. ರೀಲು ಹಾಕುವ ಕ್ಯಾಮೆರಾ. ಒಮ್ಮೆ ಸಹೋದ್ಯೋಗಿಯೊಬ್ಬರು ಕೊಟ್ಟ ರೀಲು ತೊಳೆದು ಬಂದಾಗ ಮುರಿದ ಗಾಲಿಯ ಬದಲು ಅವರ ನಾದಿನಿಯ ಮದುವೆ ಊಟದ ಪಂಕ್ತಿ ಇತ್ತು. ಮದುವೆ ಮನೆಯವರ ಕವರಿನಲ್ಲಿ ಗಾಲಿ ಬಂದಿರಬೇಕು! ಈಗ ಅಂಥ ಎಡವಟ್ಟಿಗೆ ಅವಕಾಶವಿಲ್ಲ, ಡ್ರೋನ್ ಒಂದು ಸುತ್ತು ಹಾಕಿದರೆ ಇಡೀ ಸ್ಥಳದ ನಕ್ಷೆ ತಯಾರು. ಹೊಸದನ್ನು ನಾನು ಬೈಯುವುದಿಲ್ಲ. ಆದರೆ ಡ್ರೋನ್ ಯಾರ ಜೊತೆಗೂ ಎಳನೀರು ಕುಡಿಯುವುದಿಲ್ಲ.

ಇನ್ನು ನಾನು ಹೇಳಬೇಕೆಂದು ಕೂತದ್ದು ನಮ್ಮೂರಿನದೇ ಕತೆ. ನಿವೃತ್ತಿಗೆ ಮುಂಚಿನ ನನ್ನ ಕೊನೆಯ ಪ್ರಕರಣ.

ಗುಡ್ಡದ ತಲೆಯನ್ನು ಮಟ್ಟ ಮಾಡಿ ಕಟ್ಟಿದ ನಮ್ಮ ವಿಮಾನ ನಿಲ್ದಾಣದ ಒಂದು ಮೂಲೆಯ ಹ್ಯಾಂಗರಿನಲ್ಲಿ ಆಗ ಪೈಲಟ್ ತರಬೇತಿ ಕೊಡುವ ಸಣ್ಣ ಶಾಲೆಯಿತ್ತು. ಇದ್ದದ್ದು ಎರಡೇ ವಿಮಾನ, ಅದರಲ್ಲಿ ಒಂದು ಬಿಡಿಭಾಗಕ್ಕೆ ಕಾಯುತ್ತಾ ಮೂಲೆ ಹಿಡಿದಿತ್ತು. ದಸರಾ ರಜೆಗೆಂದು ನಾನು ಮನೆಗೆ ಬಂದಿದ್ದೆ. ವಿಜಯದಶಮಿಯ ಬೆಳಿಗ್ಗೆ ಫೋನು. ತರಬೇತಿಯ ಹುಡುಗಿಯೊಬ್ಬಳು ಒಬ್ಬಳೇ ಹಾರಿ, ಇಳಿಯುವಾಗ ವಿಮಾನ ಧೊಪ್ಪನೆ ಕುಸಿದು ಮುಂದಿನ ಗಾಲಿ ಮುರಿದಿದೆ. ಮೂತಿ ಉಜ್ಜಿಕೊಂಡು ಜಾರಿ ಹುಲ್ಲಿಗೆ ಹೋಗಿ ನಿಂತಿದೆ. ಹುಡುಗಿಗೆ ಮಣಿಕಟ್ಟು ಉಳುಕಿದೆ, ಅಷ್ಟೇ. "ನೀವು ಹೇಗೂ ಮಂಗಳೂರಿನಲ್ಲೇ ಇದ್ದೀರಲ್ಲ," ಎಂದಿತು ಇಲಾಖೆ. ರಜೆ ಅಲ್ಲಿಗೆ ಮುಗಿಯಿತು.

ಹೋಗಿ ಕೈ ಜೇಬಿಗೆ ಹಾಕಿ ನಿಂತೆ. ಗಾಲಿಯ ಮೊದಲ ಗುರುತು ರನ್‌ವೇ ಶುರುವಾಗುವ ಅಂಚಿನಲ್ಲೇ ಇತ್ತು. ಇನ್ನು ತುಸು ಮೊದಲು ಕುಸಿದಿದ್ದರೆ ಗುಡ್ಡದ ಬದಿಗೆ ಬಡಿಯುತ್ತಿತ್ತು. ಬೆಂಕಿ ಹತ್ತಿರಲಿಲ್ಲ. ಆದರೂ ಅಗ್ನಿಶಾಮಕದವರು ನಿಯಮದಂತೆ ನೊರೆ ಹಾಕಿ, ನೀರು ಹೊಡೆದಿದ್ದರು. ವಿಮಾನ ಆಗತಾನೆ ಮಿಂದು ಬಂದ ಹಾಗೆ ಹೊಳೆಯುತ್ತಿತ್ತು. ಅಯ್ಯೋ, ಮತ್ತೆ ಅದೇ ಹಣೆಬರಹ ಎಂದುಕೊಂಡೆ.

ನನ್ನ ಮೇಲಧಿಕಾರಿ ಮೆಹ್ತಾ, ನನಗಿಂತ ಎಷ್ಟೋ ಕಿರಿಯ, ಚುರುಕಿನ ಮನುಷ್ಯ, ಸಂಜೆಗೆ ಬಂದರು. ರನ್‌ವೇ ಮುಚ್ಚಿದ್ದರಿಂದ ಬೆಂಗಳೂರಿನಿಂದ ಕಾರಿನಲ್ಲೇ ಬಂದು, ನಂತೂರು ವೃತ್ತದ ಲಾರಿಗಳ ನಡುವೆ ಸಿಕ್ಕಿಕೊಂಡು, ಘಾಟಿ ದಾಟಿಯೂ ಉಳಿದಿದ್ದ ಒಳ್ಳೆಯ ಮನಸ್ಸನ್ನು ಅಲ್ಲಿ ಕಳೆದುಕೊಂಡಿದ್ದರು. ಇಂಗ್ಲಿಷಿನಲ್ಲಿ ಅವರು ಹೇಳಿದ್ದರ ಸಾರ ಇಷ್ಟು: ಉಪಕರಣಗಳನ್ನು ಬಿಚ್ಚಿ ಪರೀಕ್ಷೆ ಮಾಡಿಸೋಣ, ಅವು ಸರಿ ಇದ್ದರೆ ಹುಡುಗಿ ವೇಗ ಇಳಿಯಲು ಬಿಟ್ಟಿದ್ದಾಳೆ ಎಂದೇ ಅರ್ಥ. ಉಪಕರಣಗಳು ಸರಿ ಇದ್ದವು. ಗಾಳಿಯ ನಳಿಗೆಗಳೂ ಸ್ವಚ್ಛ.

ಹುಡುಗಿಯ ಹೆಸರು ನಿಶ್ಮಿತಾ, ಕಾಟಿಪಳ್ಳದವಳು. ತಂದೆ ಕುವೈತಿನಲ್ಲಿ ಕ್ರೇನ್ ಓಡಿಸುವವರು. ಅಮ್ಮ ಜಲಜಕ್ಕ ಮನೆಯಲ್ಲೇ ರವಿಕೆ ಹೊಲಿಯುವವರು. ಅವರ ಬಳಗದಲ್ಲಿ ಗಗನಸಖಿ ಕೂಡ ಆದವರಿಲ್ಲ, ಇವಳು ನೇರ ಪೈಲಟ್ ಆಗಲು ಹೊರಟವಳು. ತಪ್ಪು ಅವಳದೇ ಎಂದು ವರದಿ ಬಂದರೆ ಹೆಸರು ತೆಗೆಯುತ್ತೇವೆ ಎಂದು ಶಾಲೆಯವರು ಆಗಲೇ ಹೇಳಿಯಾಗಿತ್ತು. ಒಮ್ಮೆ ಹಾಗೆ ತೆಗೆದರೆ ಬೇರೆ ಶಾಲೆಯವರು ಹತ್ತಿರ ಸೇರಿಸುವುದಿಲ್ಲ. ಕೈಗೆ ಪಟ್ಟಿ ಕಟ್ಟಿಕೊಂಡು ನನ್ನ ಮುಂದೆ ಕೂತ ಹುಡುಗಿಗೆ ಅದು ಚೆನ್ನಾಗಿ ಗೊತ್ತಿತ್ತು.

"ಮುಳ್ಳು ಸರಿಯೇ ಇತ್ತು, ಸರ್," ಎಂದಳು. "ವೇಗ ಎಷ್ಟು ಬೇಕೋ ಅಷ್ಟೇ ತೋರಿಸ್ತಾ ಇತ್ತು. ನಾನು ಕಣ್ಣು ತೆಗೀಲಿಲ್ಲ. ಆದ್ರೂ ವಿಮಾನ ಕೆಳಗೆ ಹೋಯ್ತು. ಎಂತ ಅಂತ ನನಗೇ ಗೊತ್ತಾಗುದಿಲ್ಲ."

ಮೆಹ್ತಾ ನನ್ನನ್ನು ನೋಡಿದರು. ಇಳಿಯುವಾಗ ಬಿದ್ದವರೆಲ್ಲ ಹೇಳುವ ಮಾತೇ ಇದು. ನಾನೂ ಬೇಕಾದಷ್ಟು ಕೇಳಿದ್ದೇನೆ.

"ವೇಗದ ವಿಷಯ ಬಿಡು ಮಗಾ," ಎಂದೆ. "ಬೇರೆ ಎಂತ ಕಂಡಿತು?"

ಅವಳು ತುಸು ಯೋಚಿಸಿದಳು. "ಎತ್ತರದ ಮುಳ್ಳು ಸ್ವಲ್ಪ ಉದಾಸೀನ ಮಾಡ್ತಿತ್ತು ಸರ್. ಹೊರಗೆ ನೋಡಿದ್ರೆ ರನ್‌ವೇ ಹತ್ತಿರ ಬಂದಾಗಿದೆ, ಮುಳ್ಳು ಮಾತ್ರ ಇನ್ನೂ ಮೇಲೆ ಉಂಟು ಹೇಳ್ತಿತ್ತು. ಒಬ್ಬಳೇ ಹಾರುದಲ್ಲ, ನನ್ನ ಹೆದರಿಕೆ ಅಂದ್ಕೊಂಡೆ."

ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ. ಇದನ್ನು ನಿಮಗೆ ಬಿಡಿಸಿ ಹೇಳಬೇಕು. ಸಣ್ಣ ವಿಮಾನದ ಎಡಮೈಯಲ್ಲಿ, ಬಾಗಿಲಿನ ಮುಂದೆ, ಎಂಟಾಣೆಯಷ್ಟಗಲದ ಒಂದು ಲೋಹದ ಬಿಲ್ಲೆ ಇರುತ್ತದೆ. ಅದರ ನಡುವೆ ಸೂಜಿ ತೂರುವಷ್ಟು ತೂತು. ಹೊರಗಿನ ಗಾಳಿಯ ಒತ್ತಡ ಒಳಗೆ ಹೋಗುವುದು ಅಲ್ಲಿಂದ. ವೇಗದ ಮುಳ್ಳು, ಎತ್ತರದ ಮುಳ್ಳು ಎರಡೂ ಆ ಒಂದೇ ತೂತನ್ನು ನಂಬಿಕೊಂಡಿವೆ. ತೂತು ಅರೆಬರೆ ಕಟ್ಟಿಕೊಂಡರೆ ಗಾಳಿ ತಡವಾಗಿ ಒಳಹೋಗುತ್ತದೆ. ಆಗ ಕೆಳಗೆ ಇಳಿಯುವಾಗ ಇದ್ದದ್ದಕ್ಕಿಂತ ಹೆಚ್ಚು ಎತ್ತರ, ಇದ್ದದ್ದಕ್ಕಿಂತ ಹೆಚ್ಚು ವೇಗ ತೋರಿಸುತ್ತದೆ. ಪೈಲಟ್ ಮುಳ್ಳನ್ನು ನಂಬಿ ಇಳಿಸುತ್ತಾನೆ, ನಿಜವಾದ ವೇಗ ಸಾಲದೆ ವಿಮಾನ ಕುಸಿಯುತ್ತದೆ. ವೇಗದ ಬಗ್ಗೆ ಸುಳ್ಳು ಹೇಳುವವಳು ಎತ್ತರದ ಮುಳ್ಳನ್ನು ಅಷ್ಟು ಸರಿಯಾಗಿ ಅದಕ್ಕೆ ಜೋಡಿಸಿ ಹೇಳುವುದು ಸಾಧ್ಯವಿರಲಿಲ್ಲ.

"ಆದರೆ ತೂತು ಸ್ವಚ್ಛವಾಗಿದೆಯಲ್ಲ," ಎಂದರು ಮೆಹ್ತಾ. ಹೌದು, ಈಗ ಸ್ವಚ್ಛವಾಗಿತ್ತು. ತೊಳೆದಿದ್ದರಲ್ಲ! ನನಗೆ ಹೊಂಗೆಮರ ನೆನಪಾಯಿತು.

ನೀರು ಹೊಡೆದ ಅಗ್ನಿಶಾಮಕದವನನ್ನು ಹುಡುಕಿಕೊಂಡು ಹೋದೆ. ಕ್ಯಾಂಟೀನಿನಲ್ಲಿ ಗೋಳಿಬಜೆ ತಿನ್ನುತ್ತಿದ್ದ. ನನ್ನ ತಟ್ಟೆಯೂ ಬಂತು. ಎಡಬದಿಗೆ ನೀರು ಬಿಟ್ಟಾಗ ಏನಾದರೂ ಕಂಡಿತೇ ಎಂದು ಕೇಳಿದೆ.

"ಅದನ್ನು ಯಾರೂ ಕೇಳಿಯೇ ಇಲ್ಲ ಸರ್," ಎಂದ. "ಬಾಗಿಲ ಹತ್ರ ಕೆಂಪು ನೀರು ಇಳೀಲಿಕ್ಕೆ ಶುರು ಆಯ್ತು. ಹುಡುಗಿಯ ರಕ್ತ ಅಂತ ಗ್ರಹಿಸಿದ್ದು. ಬಾಗಿಲು ತೆಗೆದು ನೋಡಿದ್ರೆ ಒಂದು ಗೀರೂ ಇಲ್ಲ. ಹಾಗಾದ್ರೆ ಕೆಂಪು ಎಂತದ್ದು?"

ಬಜೆಯನ್ನು ಅರ್ಧಕ್ಕೇ ಬಿಟ್ಟು ಹ್ಯಾಂಗರಿಗೆ ನಡೆದೆ. ಮೂಲೆಯಲ್ಲಿ ನಿಂತಿದ್ದ ಎರಡನೆಯ ವಿಮಾನಕ್ಕೆ ಯಾರೂ ನೀರು ಹೊಡೆದಿರಲಿಲ್ಲ. ಆಯುಧಪೂಜೆಯ ಸೇವಂತಿಗೆ ಹಾರ ಅದರ ಪ್ರೊಪೆಲ್ಲರಿನಲ್ಲಿ ಇನ್ನೂ ಬಾಡುತ್ತಿತ್ತು, ಗಾಲಿಗಳಡಿ ಲಿಂಬೆಹಣ್ಣು. ಕೈ ಜೇಬಿನಲ್ಲೇ ಇಟ್ಟುಕೊಂಡು ಎಡಬದಿಗೆ ಹೋದೆ. ಬಿಲ್ಲೆಯ ನಟ್ಟನಡುವೆ ಗಂಧ, ಗಂಧದ ಮೇಲೆ ಕುಂಕುಮ. ಎಷ್ಟು ಚೆಂದದ ಬೊಟ್ಟು! ಒಣಗಿ ಗಟ್ಟಿಯಾಗಿ, ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ಅದರ ಮೇಲೆಯೇ ಪರೀಕ್ಷೆಯ ಯಂತ್ರ ಹಚ್ಚಿಸಿದೆ. ಒಳಗೆ ಮುಳ್ಳುಗಳು, ಭಾನುವಾರ ಬೆಳಿಗ್ಗೆ ಎಬ್ಬಿಸಿದ ಮಕ್ಕಳ ಹಾಗೆ, ಮನಸ್ಸಿಲ್ಲದೆ ಎದ್ದು ತಡವಾಗಿ ಬಂದವು. ಮೆಹ್ತಾ ಎರಡು ಸಲ ಮಾಡಿಸಿ ನೋಡಿದರು.

ಈಗ ಇನ್ನೊಂದು ಪ್ರಶ್ನೆ. ಪ್ರತಿ ಹಾರಾಟಕ್ಕೆ ಮೊದಲು ವಿಮಾನಕ್ಕೆ ಸುತ್ತು ಬಂದು ಆ ತೂತು ತೆರೆದಿದೆಯೇ ಎಂದು ನೋಡಲೇಬೇಕು. ಆ ದಿನ ನೋಡಿದವರು ಮೂವರು: ದುರಸ್ತಿಯ ರಝಾಕ್, ಕಲಿಸುವ ಕ್ಯಾಪ್ಟನ್, ಮತ್ತೆ ನಿಶ್ಮಿತಾ. ಒಬ್ಬೊಬ್ಬರನ್ನೇ ಕೇಳಿದೆ.

"ನೋಡಿದೆ ಸರ್, ಸುಳ್ಳು ಹೇಳುದಿಲ್ಲ," ಎಂದ ರಝಾಕ್. "ಪೂಜೆಯ ಬೊಟ್ಟು, ಅದೂ ದಶಮಿಯ ದಿನ. ನಾನು ರಝಾಕ್ ಹೋಗಿ ಒರೆಸಿದ್ರೆ ಹೇಗೆ ಕಾಣ್ತದೆ ನೀವೇ ಹೇಳಿ? ಪ್ರತಿವರ್ಷ ಶಾಲೆಯವರು ಮೊದಲ ಪ್ರಸಾದ ನನ್ನ ಕೈಗೆ ಕೊಡುದು. ತೆಳು ಉಂಟಲ್ಲ, ಗಾಳಿ ಹೋಗ್ತದೆ ಅಂತ ಬಿಟ್ಟೆ."

ಕ್ಯಾಪ್ಟನ್ ಪಂಜಾಬಿನವರು, ವಾಯುಪಡೆಯಿಂದ ಬಂದವರು. ಊರವರ ನಂಬಿಕೆಯ ಮೇಲೆ ಹೊರಗಿನವನಾದ ತಾನು ಕೈ ಹಾಕುವುದು ಸರಿಯಲ್ಲ ಎನ್ನಿಸಿತು ಎಂದರು. ಹೇಳುವಾಗ ಅವರ ದೊಡ್ಡ ಧ್ವನಿ ಸಣ್ಣದಾಗಿತ್ತು.

ನಿಶ್ಮಿತಾ ಕೈಯ ಪಟ್ಟಿಯ ಅಂಚು ಸರಿಮಾಡಿಕೊಂಡಳು. "ಯಾರು ಇಟ್ಟದ್ದು ಅಂತ ಬರೀಲಿಕ್ಕೆ ಉಂಟಾ ಸರ್?" ಎಂದಳು. ನಾನು ಪೆನ್ನು ಕೆಳಗಿಟ್ಟೆ. "ಅಮ್ಮ ಇಟ್ಟದ್ದು. ಪೂಜೆಗೆ ಮನೆಯವರನ್ನೆಲ್ಲ ಕರೆದಿದ್ರು. ಮಗಳು ಹಾರುವ ವಿಮಾನ ಅಂತ ಅವರ ಕೈಯಲ್ಲೇ ಇಡಿಸಿದ್ರು. ಮರುದಿನ ನೋಡಿದೆ. ಕುಂಕುಮ ಒರೆಸುದು ಹೇಗೆ ಸರ್? ಅಪ್ಪ ದೂರ ಇದ್ದಾರೆ. ನಾನು ಈ ಶಾಲೆ ಬಿಟ್ರೂ ತೊಂದರೆ ಇಲ್ಲ, ಅಮ್ಮನ ಹೆಸರು ಬೇಡ."

ಮೂವರೂ ನೋಡಿದ್ದರು. ಮೂವರೂ ಮರ್ಯಾದೆಯಿಂದ ಬಿಟ್ಟಿದ್ದರು. ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ನನ್ನ ಸ್ಕೂಟರಿಗೆ ನಮ್ಮ ಪಾದ್ರಿಯವರು ಚಿಮುಕಿಸಿದ ತೀರ್ಥದ ಕಲೆಯನ್ನು ನಾನೂ ಎಷ್ಟೋ ದಿನ ಒರೆಸಿರಲಿಲ್ಲ.

ಮೆಹ್ತಾ ಬೇರೆಯೇ ಲೆಕ್ಕ ಹಾಕುತ್ತಿದ್ದರು. "ಹುಡುಗಿ ಬಚಾವಾದಳು, ಸಂತೋಷ. ಆದರೆ ವರದಿಯಲ್ಲಿ ಪೂಜೆ, ಕುಂಕುಮ ಬೇಡ. 'ತೂತಿನಲ್ಲಿ ಬಾಹ್ಯ ವಸ್ತು' ಎಂದು ಬರೆಯಿರಿ. ಸುಮ್ಮನೆ ಗಲಾಟೆ ಯಾಕೆ?" ಎಂದರು. ನನಗೂ ಅಳುಕು ಇರಲಿಲ್ಲವೇ? ಇತ್ತು. ಲಾರೆನ್ಸ್ ಎಂಬ ಹೆಸರಿನವನು ಕುಂಕುಮದಿಂದ ವಿಮಾನ ಕುಸಿಯಿತು ಎಂದು ಬರೆದರೆ ಊರು ಏನೆನ್ನುತ್ತದೋ! 'ಬಾಹ್ಯ ವಸ್ತು' ಎಂದು ಬರೆದರೆ ಯಾರಿಗೂ ನೋವಿಲ್ಲ. ಓದಿದವರು ಕಣಜದ ಹುಳ ಕಟ್ಟಿದ ಗೂಡು ಎಂದುಕೊಂಡು ಪುಟ ತಿರುಗಿಸುತ್ತಾರೆ. ಹಾಗೆಯೇ ಬರೆದುಬಿಡೋಣ ಎಂದುಕೊಂಡು ಮನೆಗೆ ಬಂದೆ.

ಮರುದಿನ ಬೆಳಿಗ್ಗೆ ಗೇಟಿನ ಸದ್ದು. ಸೆರಗನ್ನು ಬಿಗಿಯಾಗಿ ಹೊದ್ದ ಹೆಂಗಸೊಬ್ಬರು ಅಂಗಳದಲ್ಲಿ ನಿಂತಿದ್ದರು. "ಪೊರ್ಬುಲೆ, ನಾನು ನಿಶ್ಮಿತನ ಅಮ್ಮ," ಎಂದರು. ತುಳುವಿನವರು ಕ್ರೈಸ್ತರಾದ ನಮ್ಮವರನ್ನು ಗೌರವದಿಂದ ಕರೆಯುವುದೇ ಹಾಗೆ. ನನ್ನ ಹೆಂಡತಿ ನೀರು-ಬೆಲ್ಲ ತಂದಿಟ್ಟಳು. ಜಲಜಕ್ಕ ಮುಟ್ಟಲಿಲ್ಲ.

"ಮಗಳು ಬಾಯಿ ಬಿಡುದಿಲ್ಲ. ರಝಾಕಣ್ಣ ಹೇಳಿ ಗೊತ್ತಾದದ್ದು. ನಾನೇ ಇಟ್ಟದ್ದು. ಅಲ್ಲಿ ಬೆಳ್ಳಿಯ ಎಂಟಾಣೆ ಹಾಗೆ ಒಂದು ಜಾಗ ಇತ್ತು, ಬೊಟ್ಟಿಗೇ ಅಂತ ಮಾಡಿದ ಹಾಗೆ. ಮಗಳು ಹಾರುವುದಕ್ಕೂ ಇಟ್ಟೆ, ಮೂಲೆಯಲ್ಲಿದ್ದ ಆಚೆಯ ವಿಮಾನಕ್ಕೂ ಇಟ್ಟೆ." ಅವರು ತಮ್ಮ ಬಲಗೈಯನ್ನು ನೋಡಿಕೊಂಡರು. "ನನ್ನ ಕೈಯಾರೆ ನನ್ನ ಮಗಳನ್ನು..."

"ಅಕ್ಕಾ, ಮಗಳು ಕ್ಷೇಮ ಇದ್ದಾಳೆ," ಎಂದೆ. "ವರದಿಯಲ್ಲಿ ನಾವು ಯಾರ ಹೆಸರನ್ನೂ ಹಾಕುದಿಲ್ಲ. ಕುಂಕುಮದ ಮಾತನ್ನೇ ತೆಗೀತೇವೆ. ನೀವು ಹೆದರ್ಬೇಡಿ."

ಅವರು ತಲೆಯೆತ್ತಿ ನೋಡಿದರು. ನಾನು ಎಣಿಸಿದಂತೆ ಅವರ ಮುಖದಲ್ಲಿ ನಿರಾಳ ಕಾಣಲಿಲ್ಲ.

"ತೆಗೀತೀರಾ? ಯಾಕೆ?"

"ಜನ ಎಂತಾದ್ರೂ ಹೇಳ್ಬಾರ್ದಲ್ಲ..."

"ಹೇಳಿದ್ರೆ ಹೇಳಲಿ ಮಾರಾಯ್ರೆ! ಬರುವ ವರ್ಷ ಇನ್ನೊಂದು ಊರಲ್ಲಿ ಇನ್ನೊಬ್ಬಳು ತಾಯಿ ಇಡುದಿಲ್ಲವಾ? ಅವಳಿಗೆ ಯಾರು ಹೇಳುದು? ನನ್ನ ಮಗಳಿಗೆ ದೇವರು ಒಂದು ಗೇಣು ಜಾಗ ಬಿಟ್ಟ. ಅವಳ ಮಗಳಿಗೆ ಬಿಡ್ತಾನೆ ಅಂತ ಉಂಟಾ? ಕುಂಕುಮ ಅಂತಲೇ ಬರೀರಿ. ದೊಡ್ಡ ಅಕ್ಷರದಲ್ಲಿ ಬರೀರಿ."

ಇಷ್ಟು ವರ್ಷ ಆ ಇಲಾಖೆಯಲ್ಲಿ ಸಂಬಳ ಎಣಿಸಿದವನು ನಾನು, ಆ ಇಲಾಖೆ ಯಾಕೆ ಇದೆ ಎಂದು ಹೇಳಿದವರು ಜಲಜಕ್ಕ. ಆಮೇಲೆ ಅವರು ಬೆಲ್ಲದ ತುಂಡು ಬಾಯಿಗೆ ಹಾಕಿ, ನೀರು ಕುಡಿದು, ಸ್ವಲ್ಪ ತಗ್ಗಿದ ಸ್ವರದಲ್ಲಿ ಕೇಳಿದರು: "ಇಟ್ಟದ್ದು ತಪ್ಪಾ, ಪೊರ್ಬುಲೆ?"

"ಇಟ್ಟದ್ದರಲ್ಲಿ ತಪ್ಪಿಲ್ಲ ಅಕ್ಕಾ. ಹಾರುವ ಮೊದಲು ಒರೆಸ್ಬೇಕಿತ್ತು. ಅದು ನಿಮ್ಮ ಕೆಲಸ ಅಲ್ಲ, ನಮ್ಮವರದ್ದು."

ಅಂದೇ ಮೆಹ್ತಾರಿಗೆ ಫೋನು ಮಾಡಿದೆ. ವಾದ ಜೋರಾಯಿತು. ಬಾಹ್ಯ ವಸ್ತು ಎಂದರೆ ಯಾರೂ ಕಲಿಯುವುದಿಲ್ಲ, ಗಂಧ-ಕುಂಕುಮ ಎಂದರೆ ಪ್ರತಿ ಹ್ಯಾಂಗರಿನಲ್ಲೂ ಒಬ್ಬರಿಗಾದರೂ ಎದೆ ಧಸಕ್ಕೆನ್ನುತ್ತದೆ ಎಂದೆ. ಜಲಜಕ್ಕನ ಮಾತನ್ನೂ ಹೇಳಿದೆ. ಆಮೇಲೆ ಮೆಹ್ತಾ ನಕ್ಕುಬಿಟ್ಟರು. ಅವರ ಹೊಸ ಕಾರಿನ ಹಿಂಬದಿಯ ಕ್ಯಾಮೆರಾದ ಕಣ್ಣಿಗೇ ಅವರಮ್ಮ ತಿಲಕ ಇಟ್ಟಿದ್ದರಂತೆ. ಎರಡು ಗೇಟು, ಒಂದು ತುಳಸಿಕಟ್ಟೆಗೆ ಗುದ್ದಿದರೂ ಒರೆಸುವ ಧೈರ್ಯ ಬಂದಿರಲಿಲ್ಲವಂತೆ. "ಬರೆಯಿರಿ ಲಾರೆನ್ಸ್, ಸಹಿ ಹಾಕುತ್ತೇನೆ," ಎಂದರು.

ಬರೆದೆ. ಗಲಾಟೆ ಏನೂ ಆಗಲಿಲ್ಲ. ಪೂಜೆ ನಡೆಯಲಿ, ಪೂಜೆಯ ಹೊತ್ತಿಗೆ ತೂತುಗಳಿಗೆ ಕೆಂಪು ಪಟ್ಟಿ ತೂಗುವ ಮುಚ್ಚಳ ಹಾಕಿ, ಹಾರುವ ಮೊದಲು ಮುಚ್ಚಳ ತೆಗೆದು ಬೆರಳಿನಿಂದ ಮುಟ್ಟಿ ನೋಡಿ ಎಂದು ಸೂಚನೆ ಹೋಯಿತು. ಶಾಲೆ ನಿಶ್ಮಿತಾಳ ಹೆಸರು ತೆಗೆಯಲಿಲ್ಲ. ಕೈ ವಾಸಿಯಾದ ಮೇಲೆ ಕ್ಯಾಪ್ಟನ್ ಪಕ್ಕದಲ್ಲಿ ಕೂತು ಮೊದಲಿನಿಂದ ಕಲಿಸಿದರು.

ಮರುವರ್ಷದ ದಸರೆಗೆ ನಾನು ನಿವೃತ್ತ. ರಝಾಕ್ ಕರೆದನೆಂದು ಹೋದೆ. ಪೂಜೆಯ ದಿನ ಹರಿವಾಣ ಹಿಡಿದ ಜಲಜಕ್ಕ ವಿಮಾನದಿಂದ ಮಾರು ದೂರ ನಿಂತುಬಿಟ್ಟರು. ಎಷ್ಟು ಕರೆದರೂ ಮುಂದೆ ಬರಲೊಲ್ಲರು. ಕಡೆಗೆ ಕ್ಯಾಪ್ಟನ್ನೇ ತಮ್ಮ ಹರಕು ಕನ್ನಡದಲ್ಲಿ, "ಅಮ್ಮಾ, ನೀವು ಇಡದೆ ನಾವು ಹಾರುವುದಿಲ್ಲ," ಎಂದರು. "ಮೊದಲು ಆ ತೂತು ತೋರ್ಸಿ ಮಾರಾಯ್ರೆ," ಎಂದರು ಜಲಜಕ್ಕ. ರಝಾಕ್ ತೋರಿಸಿದ. ಕೆಂಪು ಮುಚ್ಚಳವನ್ನು ಅವರೇ ಎಳೆದು ನೋಡಿ, ಭದ್ರ ಎಂದು ಖಾತ್ರಿ ಮಾಡಿಕೊಂಡ ಮೇಲೆಯೇ ಮೂತಿಗೊಂದು ಬೊಟ್ಟು ಇಟ್ಟರು.

ಮರುದಿನ ದಶಮಿ. ನಿಶ್ಮಿತಾ ಒಬ್ಬಳೇ ಹಾರುವುದಿತ್ತು. ಮುಚ್ಚಳ ತೆಗೆದಾಯಿತು, ತೂತು ಮುಟ್ಟಿ ನೋಡಿದ್ದಾಯಿತು. ಮೂತಿಯ ಬೊಟ್ಟು ಮಾತ್ರ ಹಾಗೇ ಇತ್ತು. ಅದರಿಂದ ಅಪಾಯವಿಲ್ಲ ಎಂದು ಎಲ್ಲರಿಗೂ ಗೊತ್ತು, ಆದರೂ ಎಲ್ಲರ ಕಣ್ಣು ಅದರ ಮೇಲೆ. ಆಗ ಜಲಜಕ್ಕ ಬಿರಬಿರನೆ ಬಂದು, ಸೆರಗಿನ ತುದಿಯಿಂದ ಅದನ್ನು ಒರೆಸಿಬಿಟ್ಟರು. "ಇಟ್ಟ ಕೈಯೇ ಒರೆಸಿದ್ರೆ ದೋಷ ಇಲ್ಲ," ಎಂದರು. ಸೆರಗಿನಲ್ಲಿ ಉಳಿದ ಕುಂಕುಮವನ್ನು ಬೆರಳಿಗೆ ತೆಗೆದು ಮಗಳ ಹಣೆಗೆ ಇಟ್ಟು, ನನ್ನ ಕಡೆ ತಿರುಗಿದರು.

"ಇಲ್ಲಿ ತೂತು ಎಂತ ಇಲ್ಲಲ್ಲ, ಪೊರ್ಬುಲೆ?"

"ಇಲ್ಲ ಅಕ್ಕಾ," ಎಂದೆ. ಹ್ಯಾಂಗರಿಗೆ ಹ್ಯಾಂಗರೇ ನಕ್ಕಿತು.

ವಿಮಾನ ಎದ್ದು, ಗುರುಪುರ ಹೊಳೆಯ ಮೇಲೆ ಸುತ್ತು ಹಾಕಿ, ಇಳಿಯಲು ತಿರುಗಿತು. ಜಲಜಕ್ಕ ನನ್ನ ಅಂಗಿಯ ತೋಳು ಹಿಡಿದುಕೊಂಡು ಕಣ್ಣು ಮುಚ್ಚಿದರು. ಗಾಲಿ ನೆಲ ಮುಟ್ಟಿದ ಸಣ್ಣ ಸದ್ದು ನನಗೆ ಕೇಳಿಸಿತು.

"ಕೂತಿತಾ?" ಎಂದರು, ಕಣ್ಣು ತೆರೆಯದೆ.

"ಕೂತಿತು ಅಕ್ಕಾ," ಎಂದೆ.